ಶೈಲಾ ಉಪ್ಪನ್ನು ಎರಡು ಸಲ ಹಾಕಿರಲಿಲ್ಲ

ಹೋದ ಗಣೇಶನ ಹಬ್ಬದಲ್ಲಿ ನೀವೆಲ್ಲ ಬಾಯಿಗಿಟ್ಟು ಪಕ್ಕಕ್ಕೆ ಸರಿಸಿದ ಹುಳಿ — ಅದು ಹಾಳಾಗಿದ್ದು ನನ್ನಿಂದ. ನನ್ನ ಹೆಂಡತಿ ಶೈಲಾಳ ಕೈ ತಪ್ಪಿರಲಿಲ್ಲ, ನೆನಪೂ ತಪ್ಪಿರಲಿಲ್ಲ. ಅದು ನನಗೆ ಅಂದೇ, ಅಲ್ಲೇ, ಬಟ್ಟಲು ಕೈಯಲ್ಲಿದ್ದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿದ್ದೆ ಎನ್ನುವುದೂ ಸುಳ್ಳು — ಸುಮ್ಮನಿದ್ದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಬಾಯಿ ಬಿಟ್ಟೆ, ತಪ್ಪನ್ನು ಅವಳ ತಲೆಗೆ ಕಟ್ಟಿದೆ.

ಸ್ವೀಡನ್ನಿನ ನಮ್ಮ ಕನ್ನಡ ಕೂಟದ ಈ ಆನ್‌ಲೈನ್ ಗುಂಪಿನಲ್ಲಿ ನಾನು ಬರೆಯುವುದನ್ನು ಓದುವವರಿಗೆ ನನ್ನ ಸ್ವಭಾವ ಗೊತ್ತು. ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯಲ್ಲಿ ನಡೆಯುವ ಶೀತಲ ಸಮರ, ನವೆಂಬರ್‌ನಲ್ಲಿ ಕತ್ತಲಾಯಿತೆಂದು ಮಧ್ಯಾಹ್ನವೇ ದೇವರಿಗೆ ಸಂಜೆಯ ದೀಪ ಹಚ್ಚಿಬಿಡುವ ಅತ್ತೆಯಂದಿರು, ಫಿಕಾಗೆ, ಅಂದರೆ ಕಾಫಿ-ತಿಂಡಿಗೆ, ಕರೆದು ಬರೀ ಕಾಫಿ ಕೊಟ್ಟು ಕಳಿಸುವ ಸಹೋದ್ಯೋಗಿಗಳು — ಇಂಥದ್ದನ್ನೇ ಬರೆದು ನಿಮ್ಮಿಂದ ನಗುವ ಮುಖಗಳನ್ನು ಗಿಟ್ಟಿಸಿಕೊಂಡವನು. ಇದಕ್ಕೆ ನಗುವ ಮುಖ ಹಾಕಬೇಡಿ. ಅಳುವ ಮುಖವೂ ಬೇಡ. ಓದಿ, ಅಷ್ಟೇ.

ಎಲ್ಲಿಂದ ಶುರು ಮಾಡಲಿ — ಸಿಗರೇಟಿನಿಂದಲೇ ಮಾಡಬೇಕು.

ಇಂಜಿನಿಯರಿಂಗ್ ಓದುವಾಗ ಹತ್ತಿದ ಚಟ ಅದು. ಶೈಲಾಳ ಅಪ್ಪ ಸೇದಿ ಸೇದಿ, ಕೆಮ್ಮುತ್ತಲೇ ಹೋದವರು. ಹಾಗಾಗಿ ನಮ್ಮ ಮಗಳು ಅನನ್ಯ ಹುಟ್ಟಿದಾಗ ಶೈಲಾ ಬಾಣಂತಿ ಹಾಸಿಗೆಯಲ್ಲೇ ಕೂತು ನನ್ನ ಕೈಯನ್ನು ಹಿಡಿದು ಮಗುವಿನ ತಲೆಯ ಮೇಲೆ ಇಟ್ಟಳು. ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದೆ. ನೆತ್ತಿ ಮಿಡಿಯುತ್ತಿದ್ದುದು ಅಂಗೈಗೆ ತಾಗುತ್ತಿತ್ತು — ಈಗಲೂ ತಾಗುತ್ತದೆ. ಆ ಆಣೆ ಒಂದು ತಿಂಗಳೂ ತಡೆಯಲಿಲ್ಲ. ಆಮೇಲೆ ಅನನ್ಯಳಿಗೆ ಜ್ವರ ಬಂದಾಗಲೆಲ್ಲ ಥರ್ಮಾಮೀಟರ್ ನೋಡುವ ಧೈರ್ಯ ನನಗೆ ಇರುತ್ತಿರಲಿಲ್ಲ. ಶೈಲಾಳ ಕೈಗೇ ಕೊಟ್ಟು ಅವಳ ಮುಖ ನೋಡುತ್ತಿದ್ದೆ. ದೇವರನ್ನು ಅಷ್ಟಾಗಿ ನಂಬದವನು ನಾನು. ಆ ಆಣೆಯನ್ನು ಮಾತ್ರ ನಂಬುತ್ತಿದ್ದೆ. ಜ್ವರ ಇಳಿಯಿತು ಎಂದ ಕೂಡಲೇ ಸಮಾಧಾನಕ್ಕೆ ಕೆಳಗಿಳಿದು ಹೋಗಿ ಒಂದು — ಹೌದು, ಅಷ್ಟು ನಾಚಿಕೆಗೆಟ್ಟವನು.

ಸ್ವೀಡನ್ನಿಗೆ ಬಂದ ಮೇಲೆ ಬಚ್ಚಿಡುವುದು ಇನ್ನೂ ಸುಲಭವಾಯಿತು. ಇಲ್ಲಿ ಎಂಥ ಚಳಿಯಲ್ಲೂ ಜನ ವಾಕಿಂಗ್ ಹೋಗುತ್ತಾರೆ, ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ. ನಾವಿರುವ ಸೋಡರ್‌ಟೆಲ್ಯೆ ಊರಿನಲ್ಲೇ ಲಾರಿಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ದುಡಿಯುತ್ತೇನೆ. ಯಂತ್ರದಿಂದ ಬಂದ ಭಾಗ ಸರಿಯಿದೆಯೋ ಇಲ್ಲವೋ ಎಂದು ಅಳೆಯುವುದು, ಅಳೆಯುವ ಉಪಕರಣವೇ ಸರಿಯಿದೆಯೋ ಎಂದು ಪರೀಕ್ಷಿಸುವುದು — ಇದು ಕೆಲಸ. ಇದನ್ನು ನೆನಪಿಟ್ಟುಕೊಂಡಿರಿ. ಸೇದುವಾಗ ಹಾಕುವ ಜಾಕೆಟ್ಟು ಕಾರ್ಖಾನೆಯ ಲಾಕರಿನಲ್ಲೇ ಉಳಿಯುತ್ತಿತ್ತು. ಮನೆಗೆ ಬರುವಾಗ ಬಾಯಲ್ಲಿ ಸೋಂಪು, ಕೈಗೆ ನಿಂಬೆ ವಾಸನೆಯ ಸಾಬೂನು.

ವರ್ಷಗಟ್ಟಲೆ ನಡೆಯಿತು. ಅನನ್ಯ ಹೈಸ್ಕೂಲಿಗೆ ಬಂದಳು, ಅವಳ ಮೂಗು ಚುರುಕಾಯಿತು. ಒಂದು ದಿನ ಕಾರಿನಲ್ಲಿ ಕೂತವಳು ಮೊದಲು ಸ್ವೀಡಿಷ್‌ನಲ್ಲಿ ಏನೋ ಗೊಣಗಿ, ಆಮೇಲೆ ನನಗೆ ಅರ್ಥವಾಗಲಿ ಎಂದು ಇಂಗ್ಲಿಷ್‌ನಲ್ಲಿ ಹೇಳಿದಳು, ಅಪ್ಪ, ನಿನ್ನ ಮೈಯಿಂದ ಬಸ್ ಸ್ಟಾಪಿನ ವಾಸನೆ ಬರುತ್ತಿದೆ ಅಂತ. ನಕ್ಕೆ. ಕಾರಿನ ಕಿಟಕಿ ಇಳಿಸಿದೆ.

ನನ್ನ ಜೊತೆ ಕೆಲಸ ಮಾಡುವ ಲಾಸ್ಸೆ ತುಟಿಯ ಕೆಳಗೆ ಸ್ನೂಸ್ ಇಟ್ಟುಕೊಳ್ಳುವವನು. ಸಣ್ಣ ಚಹಾ ಚೀಲದಂಥ ನಿಕೋಟಿನ್ ಪೊಟ್ಟಣ. ಈ ದೇಶದ ಅರ್ಧ ಗಂಡಸರ ತುಟಿ ಅದರಿಂದಲೇ ಉಬ್ಬಿರುತ್ತದೆ. ಅವನು ಕೊಟ್ಟದ್ದನ್ನು ಇಟ್ಟು ನೋಡಿದೆ. ಬಿಕ್ಕಳಿಕೆ ಹತ್ತಿ, ತಲೆ ತಿರುಗಿ, ಅಳತೆಯ ಮೇಜಿನ ಮೇಲೇ ಕೂತುಬಿಟ್ಟೆ. ಅವನು ನಗುತ್ತ, ಹಾಗಾದರೆ ವೇಪ್ ತಗೋ, ಬ್ಯಾಟರಿಯ ಸಿಗರೇಟು, ಹೊಗೆ ಇಲ್ಲ, ವಾಸನೆ ಇಲ್ಲ ಎಂದ. ತಗೊಂಡೆ. ಆರೋಗ್ಯಕ್ಕೆ ಅಂತ ಬದಲಿಸಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅಲ್ಲ. ಇನ್ನೂ ಚೆನ್ನಾಗಿ ಬಚ್ಚಿಡಲು ಬದಲಿಸಿದೆ.

ಮೊದಲ ವಾರ ನರಕ. ಸಿಗರೇಟು ಗಂಟಲನ್ನು ಒಂದು ಸಲ ಹಿಡಿದು ಅಲುಗಾಡಿಸುತ್ತದಲ್ಲ, ಆ ಏಟು ಇದರಲ್ಲಿ ಇಲ್ಲ. ಸಿಗರೇಟಿನ ಬಯಕೆ ರೈಲಿನ ಹಾಗೆ ಬರುತ್ತಿತ್ತು — ಹೊತ್ತಿಗೆ ಸರಿಯಾಗಿ ಬರುತ್ತದೆ, ಹತ್ತುತ್ತೀರಿ, ಇಳಿಯುತ್ತೀರಿ, ಮುಂದಿನದಕ್ಕೆ ಹೊತ್ತಿದೆ. ವೇಪಿನ ಬಯಕೆಗೆ ಹೊತ್ತು ಗೊತ್ತು ಇಲ್ಲ. ಅದು ಮೊಬೈಲಿನ ಹಾಗೆ, ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಸಿಗರೇಟು ಉರಿದು ಮುಗಿಯುತ್ತದೆ, ಬಿಸಾಕಿ ಒಳಗೆ ಬರುತ್ತೀರಿ. ಇದು ಮುಗಿಯುವುದೇ ಇಲ್ಲ. ಟಾಯ್ಲೆಟ್ಟಿನಲ್ಲಿ ಫ್ಯಾನ್ ಹಾಕಿಕೊಂಡು ಎರಡು ದಮ್, ಕಾರಿನಲ್ಲಿ ಸಿಗ್ನಲ್ ಬಿದ್ದಾಗ ಒಂದು ದಮ್, ಕಸ ಹಾಕಲು ಹೋದಾಗ ಇನ್ನೊಂದು. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಯಾರೂ ಇರುವುದಿಲ್ಲ ಎಂದು ಮನೆಯ ಬಟ್ಟೆಯ ಕೆಲಸ ಪೂರ್ತಿ ನನ್ನದು ಅಂದೆ. ಶೈಲಾ ಅದನ್ನು ಕಿಸ್ಟಾ ಕಡೆಯ ಕನ್ನಡದ ಗೆಳತಿಯರಿಗೆಲ್ಲ ಹೇಳಿಕೊಂಡು ಹೆಮ್ಮೆಪಟ್ಟಳು. ನಿಮ್ಮಲ್ಲಿ ಎಷ್ಟೋ ಗಂಡಂದಿರು ನನ್ನಿಂದಾಗಿ ಬೈಸಿಕೊಂಡಿದ್ದೀರಿ. ಅದಕ್ಕೂ ಕ್ಷಮೆ ಇರಲಿ.

ಮಾವಿನ ಹಣ್ಣಿನ ಪರಿಮಳದ ವೇಪ್ ಅದು. ಇದೇನು ರೀ ವಾಸನೆ ಎಂದು ಶೈಲಾ ಕೇಳಿದಾಗ ಅನನ್ಯಳ ಶನಿವಾರದ ಮಿಠಾಯಿ — ಇಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವುದು — ಕದ್ದು ತಿಂದೆ ಎಂದೆ. ನಂಬಿದಳು. ನಂಬುತ್ತಾಳೆ ಎನ್ನುವುದೇ ನನಗೆ ಭಯ ಹುಟ್ಟಿಸಬೇಕಿತ್ತು —

ಇನ್ನು ಅಡುಗೆಯ ವಿಷಯ.

ಶೈಲಾ ಅಡುಗೆ ಮಾಡುವಾಗ ರುಚಿ ನೋಡುವುದಿಲ್ಲ. ಹಬ್ಬದ ದಿನ ನೈವೇದ್ಯಕ್ಕೆ ಮುಂಚೆ ನಾವು ಯಾರೂ ಬಾಯಿಗಿಡುವುದಿಲ್ಲ ಸರಿ. ಅವಳಿಗೆ ದಿನದ ಅಡುಗೆಯಲ್ಲೂ ಅದೇ ಅಭ್ಯಾಸ. ಅವಳ ದೊಡ್ಡಮ್ಮ ಕಲಿಸಿದ್ದು. ಉಪ್ಪಿಗೆ ಚಮಚವಿಲ್ಲ, ಅಂಗೈಯ ಗುಳಿಯೇ ಅಳತೆ. ಖಾರ ಸಾಕೋ ಎಂದು ಒಗ್ಗರಣೆಯ ಘಮದಲ್ಲೇ ಹೇಳುತ್ತಾಳೆ. ದೇವರ ಮುಂದೆ ಇಟ್ಟು ತೆಗೆದ ಮೇಲೆ ಮೊದಲ ಚಮಚ ನನಗೆ. ನಾನು ಹೂಂ ಅಂದರೆ ಸರಿ. ಏನಾದರೂ ಕಡಿಮೆ ಅಂದರೆ ಅವಳ ಅಂಗೈ ಅದನ್ನು ಇಟ್ಟುಕೊಳ್ಳುತ್ತದೆ, ನಾಳೆ ಸರಿಹೋಗಿರುತ್ತದೆ. ಮದುವೆಯಾದ ಹೊಸತರಲ್ಲಿ ಇನ್ನು ಸ್ವಲ್ಪ ಉಪ್ಪು, ಇನ್ನು ಸ್ವಲ್ಪ ಹುಳಿ ಎಂದು ಹೇಳುತ್ತಲೇ ಇದ್ದೆ. ಆ ಕೈ ನನ್ನ ನಾಲಿಗೆಯ ಅಳತೆಗೆ ಕೂತಿತು. ಹೊಗೆ ಹಿಡಿದ ನಾಲಿಗೆಯ ಅಳತೆಗೆ. ನೀವೆಲ್ಲ ಶೈಲಾಳ ಹುಳಿ ಖಡಕ್ಕು, ಊಟದಲ್ಲಿ ಜೀವ ಇರುತ್ತೆ ಎಂದು ಹೊಗಳುತ್ತಿದ್ದಿರಲ್ಲ — ಆ ಖಡಕ್ಕು ನನ್ನ ಸಿಗರೇಟಿನದು.

ವೇಪ್ ಶುರುವಾಗಿ ಕೆಲವು ವಾರಕ್ಕೆ ನನ್ನ ನಾಲಿಗೆ ಎದ್ದಿತು. ಬೇರೆ ಮಾತು ಸಿಗುತ್ತಿಲ್ಲ. ಫಿಕಾದ ಹೊತ್ತಿನಲ್ಲಿ ಬನ್ನಿನೊಳಗಿನ ಏಲಕ್ಕಿ ಒಡೆದು ಮೂಗಿಗೆ ಹತ್ತಿತು. ನಲ್ಲಿಯ ನೀರಿಗೆ ರುಚಿ ಇದೆ ಎಂದು ಗೊತ್ತಾಯಿತು. ಆ ಸಂಜೆ ಮನೆಯಲ್ಲಿ ಬೇಳೆ ಸಾರು ಬಾಯಿಗಿಟ್ಟೆ — ಸಮುದ್ರ.

"ಶೈಲಾ, ಉಪ್ಪು ಜಾಸ್ತಿ ಆಗಿದೆಯಲ್ಲೇ" ಅಂದೆ.

ಅವಳು ನಿಂತುಬಿಟ್ಟಳು. ಅಷ್ಟು ವರ್ಷದಲ್ಲಿ ನಾನು ಆ ಮಾತು ಆಡಿದ್ದಿಲ್ಲ. ತಾನೂ ಒಂದು ಗುಟುಕು ನೋಡಿ, ಇಲ್ಲವಲ್ಲ, ಯಾವಾಗಲೂ ಹಾಕುವಷ್ಟೇ ಹಾಕಿದ್ದು ಎಂದಳು. ನಾನು ತಮಾಷೆಗೆ, ವಯಸ್ಸಾಯಿತು ನಿನಗೆ ಎಂದೆ. ಅವಳು ನಗಲಿಲ್ಲ.

ಮರುದಿನದಿಂದ ಕೈ ಹಿಡಿದು ಹಾಕಿದಳು. ಇನ್ನೂ ಜಾಸ್ತಿ ಎಂದೆ. ಇನ್ನಷ್ಟು ಹಿಡಿದಳು. ಅನನ್ಯ ಅನ್ನ ಕಲಸಿ, ಅಮ್ಮ, ಇದು ಸ್ಕೂಲ್ ಊಟದ ಥರ ಇದೆ ಎಂದು ತಟ್ಟೆ ತಳ್ಳಿದಳು. ಮಗಳು ಸಪ್ಪೆ ಅನ್ನುತ್ತಾಳೆ, ಗಂಡ ಉಪ್ಪು ಅನ್ನುತ್ತಾನೆ. ಶೈಲಾ ಯಾರನ್ನು ನಂಬಿದಳು ಹೇಳಿ. ಮೊದಲ ಚಮಚ ಯಾರದೋ ಅವರನ್ನೇ.

ಬೇಸಿಗೆ ಬಂತು. ವೇಪ್ ಇನ್ನೂ ಹೆಚ್ಚಿತು. ಮಾವು ಸಾಲದೆ ಪುದಿನ ಬೆರೆಸಿದ್ದು, ಬಾಯೆಲ್ಲ ಮಂಜಿನ ಹಾಗೆ ತಣ್ಣಗಾಗುವಂಥದ್ದು ಹಿಡಿದೆ. ದಿನವಿಡೀ ನಾಲಿಗೆಯ ಮೇಲೆ ಒಂದು ಸಿಹಿ ಪದರ. ಒಂದು ದಿನ ನೋಡುತ್ತೇನೆ, ವೇಪಿನ ರುಚಿಯೇ ಬರುತ್ತಿಲ್ಲ. ಬರೀ ಬಿಸಿ ಗಾಳಿ. ಊಟವೂ ಹಾಗೇ. ಸಾರು ಎಂದರೆ ಬಿಸಿನೀರು. ಎದ್ದಿದ್ದ ನಾಲಿಗೆ ಮತ್ತೆ ಮಲಗಿತ್ತು, ಮೊದಲಿಗಿಂತ ಗಾಢವಾಗಿ. ಇದಕ್ಕೆ ಉಪ್ಪೇ ಹಾಕಿಲ್ಲವಲ್ಲ ಎಂದೆ. ಶೈಲಾ ಉಪ್ಪಿನ ಡಬ್ಬಿಯ ಮುಂದೆ ಎಷ್ಟು ಹೊತ್ತು ನಿಂತಿದ್ದಳೆಂದರೆ, ಒಲೆಯ ಮೇಲಿನ ಹಾಲು ಉಕ್ಕಿತು.

ಆಗಲೇ ನನಗೆ ಅನುಮಾನ ಬಂದಿತ್ತು. ಅನುಮಾನವೇನು — ಕಾರ್ಖಾನೆಯಲ್ಲಿ ಹೊಸದಾಗಿ ಬರುವ ಹುಡುಗರಿಗೆ ನಾನು ಕಲಿಸುವ ಮೊದಲ ಪಾಠವೇ ಅದು. ಅಳತೆ ಬದಲಾದರೆ ಯಂತ್ರಕ್ಕೆ ಕೈ ಹಾಕಬೇಡಿ, ಮೊದಲು ಅಳೆಯುವ ಉಪಕರಣವನ್ನು ನೋಡಿ. ಕೆಟ್ಟ ಉಪಕರಣದ ಮಾತು ಕೇಳಿ ಯಂತ್ರವನ್ನು ತಿದ್ದುತ್ತ ಹೋದರೆ ಒಳ್ಳೆಯ ಯಂತ್ರವೂ ಹಾಳಾಗುತ್ತದೆ. ದಿನವೂ ಹೇಳುವ ಮಾತು. ಮನೆಗೆ ಬಂದು ಚಮಚ ಬಾಯಿಗಿಟ್ಟು, ಶೈಲಾ, ಇನ್ನು ಸ್ವಲ್ಪ. ದಿನಕ್ಕೊಂದು ಚಿಟಿಕೆಯಂತೆ ಅವಳ ಅಂಗೈಯ ಗುಳಿ ತುಂಬುತ್ತ ಹೋಯಿತು, ಅವಳಿಗೇ ಗೊತ್ತಾಗದ ಹಾಗೆ.

ಯಾಕೆ ಹೇಳಲಿಲ್ಲ. ಹೇಳಬೇಕಾದರೆ ವೇಪ್ ಹೇಳಬೇಕು, ವೇಪ್ ಹೇಳಿದರೆ ಸಿಗರೇಟು, ಸಿಗರೇಟು ಹೇಳಿದರೆ ಮಗುವಿನ ತಲೆಯ ಮೇಲಿಟ್ಟ ಕೈ. ಒಂದು ನೂಲು ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಉಪ್ಪು ತಾನೇ — ಯಾರು ಸಾಯುತ್ತಾರೆ — ಹೀಗೆ ಅಂದುಕೊಳ್ಳುತ್ತಿದ್ದೆ.

ಹಬ್ಬ ಬಂತು. ನಿಮಗೆ ನೆನಪಿದೆ, ಕಿಸ್ಟಾ ಹತ್ತಿರದ ಆ ಶಾಲೆಯ ಹಾಲ್. ಹುಳಿ ಎಂದಿನಂತೆ ಶೈಲಾಳದು. ಮನೆಯಲ್ಲೇ ಮಾಡಿ, ದೊಡ್ಡ ಪಾತ್ರೆಗಳನ್ನು ಕಾರಿನಲ್ಲಿ ಕಂಬಳಿ ಸುತ್ತಿ ತಂದೆವು. ದಾರಿಯುದ್ದಕ್ಕೂ ಅವಳು ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. ಪೂಜೆಯಾಯಿತು, ನೈವೇದ್ಯವಾಯಿತು. ಅವಳು ಒಂದು ಸಣ್ಣ ಬಟ್ಟಲಲ್ಲಿ ಹುಳಿ ಹಾಕಿಕೊಂಡು ನನ್ನ ಹತ್ತಿರ ಬಂದಳು. ನಾನು ಆಗ ತಾನೇ ಹೊರಗೆ ಸೈಕಲ್ ನಿಲ್ಲಿಸುವ ಜಾಗದಿಂದ ಬಾಯಿ ತುಂಬ ಪುದಿನ ಎಳೆದುಕೊಂಡು ಬಂದಿದ್ದೆ.

"ನೋಡಿ ರೀ, ಈ ಸಲ ಯಾಕೋ ಭಯ" ಅಂದಳು.

ನೋಡಿದೆ. ಎಷ್ಟೋ ವಾರದ ನಂತರ ನಾಲಿಗೆಗೆ ಏನೋ ತಾಗಿತು. ರುಚಿ ಸಿಕ್ಕಿತು. ಹಳೆಯ ಶೈಲಾಳ ಹುಳಿ. ಖುಷಿಯಾಗಿ, ಫಸ್ಟ್ ಕ್ಲಾಸ್, ಮೊದಲಿನ ಹಾಗೇ ಇದೆ, ಬಡಿಸು ಎಂದೆ. ಅವಳ ಮುಖದ ಮೇಲೆ ಆಗ ಬಂದ ಬೆಳಕನ್ನು ನೀವು ಯಾರೂ ನೋಡಿಲ್ಲ. ನೋಡಿದವನು ನಾನೊಬ್ಬನೇ.

ಮೊದಲ ಪಂಕ್ತಿ ಕೂತಿತು. ಒಂದು ತುತ್ತು, ಎರಡು ತುತ್ತು, ಆಮೇಲೆ ನೀರಿನ ಲೋಟಗಳು ಎದ್ದವು. ದೊಡ್ಡವರು ಹುಳಿಯನ್ನು ಪಕ್ಕಕ್ಕೆ ಸರಿಸಿದಿರಿ. ಮಕ್ಕಳು ಮಾತ್ರ ಉಗಿದವು. ನಮ್ಮ ಕೂಟದ ಕೆಲಸವನ್ನೆಲ್ಲ ಹೆಗಲ ಮೇಲೆ ಹಾಕಿಕೊಂಡು ಓಡಾಡುವ ಪ್ರಕಾಶ ವಾತಾವರಣ ತಿಳಿ ಮಾಡಲು ನೋಡಿದ. "ಅಕ್ಕಾ, ಬಾಲ್ಟಿಕ್ ಸಮುದ್ರದಲ್ಲೂ ಇಷ್ಟು ಉಪ್ಪಿಲ್ಲ" ಅಂದ. ಒಂದಿಬ್ಬರು ನಕ್ಕಿರಿ. ತಪ್ಪೇನಿಲ್ಲ, ನಾನಾಗಿದ್ದರೂ ನಗುತ್ತಿದ್ದೆ.

ಶೈಲಾ ಸೌಟಿನಿಂದಲೇ ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಮುಖ ಕಿವುಚಿತು. ಅವಳ ನಾಲಿಗೆ ಸರಿಯಾಗಿಯೇ ಇತ್ತು, ಅದು ಆ ಕ್ಷಣದಲ್ಲೇ ಸಾಬೀತಾಗಿತ್ತು, ನೋಡುವವನು ನೋಡಿದ್ದರೆ. ಅವಳು ನನ್ನ ಕಡೆ ತಿರುಗಿ, ನೀವು ಸರಿ ಇದೆ ಅಂದಿರಲ್ಲ ಎಂದು ಕೇಳಿದಳು. ಜೋರಾಗಿ ಅಲ್ಲ. ನಮ್ಮಿಬ್ಬರಿಗೆ ಕೇಳುವಷ್ಟು.

ಆಗ ಆಡಿದ ಮಾತು ಇದು. ಇದನ್ನೇ ಹೇಳಲು ಇಷ್ಟೆಲ್ಲ ಬರೆದೆ.

"ನಿನ್ನ ಮನಸ್ಸಿಗೆ ಬೇಜಾರಾಗಬಾರದು ಅಂತ ಹಾಗಂದೆ."

ಎಷ್ಟು ಸಲೀಸಾಗಿ ಬಂತು. ಎಷ್ಟು ಒಳ್ಳೆಯ ಗಂಡನ ಮಾತು. ಪಕ್ಕದಲ್ಲಿದ್ದವರೊಬ್ಬರು, ಪಾಪ, ಎಷ್ಟು ಪ್ರೀತಿ ನೋಡಿ ಎಂದದ್ದೂ ಕೇಳಿಸಿತು. ಶೈಲಾ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ನಿಧಾನಕ್ಕೆ, ಸದ್ದಾಗದ ಹಾಗೆ. ಮುಂದಿನ ಸಲದಿಂದ ಬೇರೆ ಯಾರಿಗಾದರೂ ಹೇಳಿ ಪ್ರಕಾಶ, ನನ್ನಿಂದ ಆಗಲ್ಲ ಎಂದಳು. ನೀವೆಲ್ಲ ಬೇಡ ಬೇಡ ಅಂದಿರಿ. ಆಮೇಲೆ ಕೇಟರಿಂಗ್‌ನವರ ನಂಬರ್ ಹುಡುಕಿದಿರಿ.

ಮನೆಗೆ ಬರುವಾಗ ಕಾರಿನಲ್ಲಿ ಅವಳು ದೊಡ್ಡಮ್ಮನ ಕಥೆ ಹೇಳಿದಳು. ನನಗೆ ಗೊತ್ತಿದ್ದದ್ದೇ, ಆದರೆ ಅವಳ ಬಾಯಲ್ಲಿ ಆ ರೀತಿ ಕೇಳಿರಲಿಲ್ಲ. ಶೈಲಾಳಿಗೆ ಅಡುಗೆ ಕಲಿಸಿದ ಆ ದೊಡ್ಡಮ್ಮ ಕೊನೆಗಾಲದಲ್ಲಿ ಎಲ್ಲ ಮರೆತರು. ಶುರುವಾಗಿದ್ದು ಉಪ್ಪಿನಿಂದ. ಹಾಕಿದ್ದು ಮರೆತು ಇನ್ನೊಮ್ಮೆ ಹಾಕುತ್ತಿದ್ದರಂತೆ. ಮನೆಯವರು ನಗುತ್ತಿದ್ದರಂತೆ, ಆಮೇಲೆ ಬೈದರಂತೆ. ಕೊನೆಗೆ ಶೈಲಾಳನ್ನೇ ನೋಡಿ, ಯಾರಮ್ಮ ನೀನು, ಊಟ ಆಯ್ತಾ ಎಂದಿದ್ದರಂತೆ.

"ನೀವು ಹೇಳಿದ್ರಿ ಅಂತ ಒಂಚೂರು ಜಾಸ್ತಿ ಮಾಡಿದ್ದೆ ನಿಜ. ಆದ್ರೆ ಇಷ್ಟಲ್ಲ ರೀ. ನಾನು ಎರಡು ಸಲ ಹಾಕಿದೀನಿ. ನಂಗೆ ನೆನಪೇ ಇಲ್ಲ."

ಹಿಂದಿನ ಸೀಟಿನಲ್ಲಿ ಖಾಲಿಯಾಗದ ಪಾತ್ರೆ ಕುಲುಕುತ್ತಿತ್ತು. ನನ್ನ ಎಡಗೈ ಜೇಬಿನಲ್ಲಿ ವೇಪನ್ನು ತಡವುತ್ತಿತ್ತು. ಹೇಳು, ಈಗ ಹೇಳು, ಎಂದುಕೊಂಡೆ. ಸೋಡರ್‌ಟೆಲ್ಯೆಯ ಸೇತುವೆ ಬಂತು, ಪಾರ್ಕಿಂಗ್ ಬಂತು, ಲಿಫ್ಟ್ ಬಂತು. ಬಟ್ಟೆ ಒಗೆಯುವುದಿದೆ ಎಂದು ಕೆಳಗೆ ಹೋದೆ.

ಅವಳೇ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಸಮಯ ತಗೊಂಡಳು. ಶೈಲಾ ಕೆಲಸ ಮಾಡುವುದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳ ಜೊತೆ. ಯಾವ ಮಗುವಿಗೆ ಕಡಲೆಬೀಜ ಆಗಿಬರುವುದಿಲ್ಲ, ಯಾವುದಕ್ಕೆ ಹಾಲು — ಅದು ಮರೆತರೆ ಎಂಬುದು ಅವಳ ಭಯ. ನಾನೂ ಜೊತೆಗೆ ಹೋದೆ. ಒಳ್ಳೆಯ ಗಂಡ. ಕಾಯುವಾಗ ಅಲ್ಲಿನ ಟಾಯ್ಲೆಟ್ಟಿಗೆ ಹೋಗಿ ಎಳೆದೆ. ಬರೆಯುವುದೇ ಬೇಡ ಅಂದುಕೊಂಡಿದ್ದೆ, ಬರೆದಿದ್ದೇನೆ.

ಡಾಕ್ಟರ್ ಸಣ್ಣ ವಯಸ್ಸಿನ ಹೆಂಗಸು, ಮೆದು ಮಾತು. ರಕ್ತ ತಗೊಳ್ಳಲು ಹೇಳಿದರು, ನೆನಪು ಹೇಗಿದೆ ನೋಡಲು ಗಡಿಯಾರದ ಚಿತ್ರ ಬರೆಯಲು ಹೇಳಿದರು, ಕೆಲವು ಪದ ಹೇಳಿ ಆಮೇಲೆ ಕೇಳಿದರು. ಶೈಲಾ ಎಲ್ಲ ಸರಿಯಾಗಿ ಮಾಡಿದಳು, ಆದರೆ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಬೆವರುತ್ತಿದ್ದಳು. ಕೊನೆಗೆ ಡಾಕ್ಟರ್ ನನ್ನ ಕಡೆ ತಿರುಗಿದರು. ಇಂಥದ್ದರಲ್ಲಿ ಹತ್ತಿರದವರ ಮಾತು ಮುಖ್ಯ ಎಂದರು. ಮನೆಯಲ್ಲಿ ನೀವು ಏನಾದರೂ ಬದಲಾವಣೆ ಗಮನಿಸಿದ್ದೀರಾ?

ಶೈಲಾ ನನ್ನನ್ನೇ ನೋಡುತ್ತಿದ್ದಳು.

ಅಡುಗೆಯ ರುಚಿ ಒಂದೊಂದು ದಿನ ಒಂದೊಂದು ಥರ ಇರುತ್ತದೆ ಎಂದೆ. ಅವರು ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಂಡರು. ಆ ಟಕಟಕ ಸದ್ದು — ಸಾಕು. ರಕ್ತದಲ್ಲಿ ಏನೂ ಸಿಗದಿದ್ದರೂ ಮುಂದಿನ ಪರೀಕ್ಷೆಗೆ ಬರೆದು ಕಳಿಸುತ್ತೇವೆ, ಕರೆ ಬರಲು ತಡವಾಗಬಹುದು, ಕಾಯಿರಿ ಎಂದರು. ನಾನು ಆಡಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ಜೀವನದಲ್ಲಿ ಹೇಳಿಲ್ಲ.

ಕಾಯುವುದು ಎಂದರೇನೆಂದು ಈ ದೇಶದಲ್ಲಿ ಇರುವವರಿಗೆ ಹೇಳಬೇಕಿಲ್ಲ. ಚಳಿಗಾಲ ಪೂರ್ತಿ ಕಾದಳು. ಅಂಗೈ ಬಿಟ್ಟು ಅಳತೆಯ ಚಮಚ ತಂದಿಟ್ಟುಕೊಂಡಳು. ಉಪ್ಪು ಹಾಕಿದ ಕೂಡಲೇ, ಹಾಕಿದೆ, ಹಾಕಿದೆ ಎಂದು ಜೋರಾಗಿ ಹೇಳಿಕೊಳ್ಳುತ್ತಿದ್ದಳು. ಫೋನ್ ರಿಂಗಾದರೆ ಆಸ್ಪತ್ರೆಯದೋ ಎಂದು ಬೆಚ್ಚುತ್ತಿದ್ದಳು. ನಾನೂ ಬೆಚ್ಚುತ್ತಿದ್ದೆ. ಬೆಚ್ಚಿದಾಗ ಕೈ ಜೇಬಿಗೆ. ಅವಳ ಭಯ ಹೆಚ್ಚಿದಷ್ಟೂ ನನ್ನ ದಮ್ ಹೆಚ್ಚಿತು, ದಮ್ ಹೆಚ್ಚಿದಷ್ಟೂ ನಾಲಿಗೆ ಸತ್ತಿತು. ಊಟ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂದಷ್ಟೇ ಹೇಳತೊಡಗಿದೆ. ಅವಳು ಅದನ್ನೂ ಕರುಣೆ ಎಂದುಕೊಂಡಳು.

ಒಂದು ಭಾನುವಾರ ಮಧ್ಯಾಹ್ನ. ಶೈಲಾ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ಏನೋ ಗುನುಗುತ್ತಿದ್ದಳು. ದೇವರ ನಾಮವೋ ಎಂದುಕೊಂಡು ಹತ್ತಿರ ಹೋದೆ. ಎಲ್ಸಾ, ನೂರ್, ವಿಲ್ಯಮ್, ಐಲಿನ್, ಒಲ್ಲೆ. ದಾಗಿಸ್‌ನ ಮಕ್ಕಳ ಹೆಸರುಗಳು. ಅವು ಚಾಪೆಯ ಮೇಲೆ ಕೂರುವ ಕ್ರಮದಲ್ಲಿ. ಒಂದು ಕಡೆ ಬಂದು ನಿಂತಳು. ಮತ್ತೆ ಮೊದಲಿಂದ. ಎಲ್ಸಾ, ನೂರ್, ವಿಲ್ಯಮ್ — ಅದೇ ಜಾಗಕ್ಕೆ ಬಂದು ಮತ್ತೆ ನಿಂತಳು. ಸುಮ್ಮನೆ ಒಂದು ಹೆಸರು ನಾಲಿಗೆಯ ತುದಿಗೆ ಬಂದು ನಿಂತಿದೆ, ಎಲ್ಲರಿಗೂ ಆಗುವಂಥದ್ದು. ಆದರೆ ಅವಳ ಮುಖದಲ್ಲಿ — ಆ ಮುಖವನ್ನು ಬರೆಯಲಾರೆ.

ಜೇಬಿನಿಂದ ಅದನ್ನು ತೆಗೆದು ಹೆಚ್ಚುವ ಮಣೆಯ ಪಕ್ಕದಲ್ಲಿ ಇಟ್ಟೆ. ಹೇಳಿದೆ. ಮೊದಲಿಂದ ಹೇಳಲಿಲ್ಲ, ಕೊನೆಯಿಂದ ಹಿಂದಕ್ಕೆ ಹೇಳಿದೆ. ಹುಳಿ ನನ್ನ ನಾಲಿಗೆಗೆ ನಿಜವಾಗಿಯೂ ಸರಿಯಾಗಿತ್ತು. ಬೇಜಾರಾಗಬಾರದು ಅಂತ ಹೇಳಿದ್ದಲ್ಲ. ಉಪ್ಪು ಜಾಸ್ತಿ ಅಂದಾಗಲೂ ಬದಲಾಗಿದ್ದು ನಾನೇ, ಕಡಿಮೆ ಅಂದಾಗಲೂ ನಾನೇ. ಇದು ವೇಪ್. ಇದಕ್ಕೆ ಮೊದಲು ಸಿಗರೇಟು. ಬಿಟ್ಟಿರಲೇ ಇಲ್ಲ. ಕೊನೆಗೆ ಅನನ್ಯಳ ತಲೆಯ ಮೇಲಿಟ್ಟ ಕೈಯವರೆಗೆ ಬಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಚಾಕು ಕೆಳಗಿಟ್ಟಳು.

"ಹಾಗಾದ್ರೆ ನಂಗೇನೂ ಆಗಿಲ್ವಾ?"

ಇಲ್ಲ ಎಂದೆ.

"ನಿಜವಾಗ್ಲೂ? ಈಗ್ಲೂ ನಂಗೆ ಬೇಜಾರಾಗಬಾರದು ಅಂತ ಹೇಳ್ತಿಲ್ಲ ತಾನೇ?"

ಇದನ್ನು ಕೇಳಿದಳು ನೋಡಿ. ನಾನು ಏನು ಹೇಳಿದರೂ ಇನ್ನು ಅವಳಿಗೆ — ಅಷ್ಟು ಮಾಡಿಟ್ಟಿದ್ದೆ. ಅವಳು ವೇಪನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಶನಿವಾರದ ಮಿಠಾಯಿ, ಎಂದಳು. ಆಮೇಲೆ ನೆಲದ ಮೇಲೆ ಕೂತು ಅತ್ತಳು. ಭಯ ಇಳಿದವರು ಅಳುವ ಹಾಗೆ, ತುಂಬ ಹೊತ್ತು. ಸಿಟ್ಟು ಮಾರನೆಯ ದಿನ ಬಂತು, ಇನ್ನೂ ಹೋಗಿಲ್ಲ. ಹೋಗಬೇಕು ಎಂದು ನಾನು ಕೇಳುವ ಹಾಗೂ ಇಲ್ಲ.

ಆರೋಗ್ಯ ಕೇಂದ್ರಕ್ಕೆ ಹೋಗಿ ಆ ಡಾಕ್ಟರಿಗೆ ನಾನೇ ಹೇಳಿ ಬಂದೆ, ಶೈಲಾಳ ಎದುರಿಗೆ. ನನ್ನ ಸ್ವೀಡಿಷ್ ಹರಕು ಮುರುಕು. ನಾಚಿಕೆಗೆ ಬೇಕಾದ ಪದಗಳನ್ನು ನಮಗೆ ಭಾಷಾ ತರಗತಿಯಲ್ಲಿ ಕಲಿಸಿರಲಿಲ್ಲ. ಅವರು ಅರ್ಥ ಮಾಡಿಕೊಂಡರು. ಆದರೂ ಪರೀಕ್ಷೆ ಬೇಕಾದರೆ ಮಾಡಿಸಿಕೊಳ್ಳಬಹುದು ಎಂದು ಶೈಲಾಳಿಗೆ ಹೇಳಿದರು. ಅವಳು ಮಾಡಿಸಿಕೊಂಡಳು. ನನ್ನ ಮಾತಿನ ಮೇಲೆ ಬಿಡಲಿಲ್ಲ, ಸರಿಯಾಗಿಯೇ ಮಾಡಿದಳು. ಏನೂ ಇಲ್ಲ. ಆ ಭಾನುವಾರ ನೆನಪಿಗೆ ಬಾರದ ಮಗುವಿನ ಹೆಸರು ತೀಯೊ ಅಂತೆ; ಸೋಮವಾರ ಅವನು ಬಾಗಿಲಲ್ಲಿ ಕಂಡ ಕೂಡಲೇ ನೆನಪಾಯಿತಂತೆ.

ಇದನ್ನು ಹಾಕುವ ಮೊದಲು ಅವಳಿಗೆ ಓದಲು ಕೊಟ್ಟೆ. ನಾನೂ ಅವಳ ಪಕ್ಕ ನೆಲದ ಮೇಲೆ ಕೂತು ಅತ್ತೆ ಎಂದು ಒಂದು ಕಡೆ ಬರೆದಿದ್ದೆ. ಫೋನ್ ವಾಪಸ್ಸು ಕೊಡುತ್ತ, ನೀವು ಅಳಲಿಲ್ಲ, ಅದನ್ನ ತೆಗೀರಿ ಎಂದಳು. ತೆಗೆದಿದ್ದೇನೆ.

ವೇಪ್ ಬಿಟ್ಟೆಯಾ ಎಂದು ಕೇಳುತ್ತೀರಿ. ಬಿಟ್ಟಿದ್ದೇನೆ ಎಂಬ ಮಾತನ್ನು ನಾನು ಇನ್ನು ಆಡುವ ಹಾಗಿಲ್ಲ. ಅದರ ಬೆಲೆ ನಾನೇ ಕಳೆದೆ. ಪರಿಮಳವಿಲ್ಲದ್ದನ್ನು ತಂದುಕೊಂಡಿದ್ದೇನೆ, ನಿಕೋಟಿನ್ ಕಡಿಮೆ ಇರುವಂಥದ್ದು. ಬಯಕೆ ಕಡಿಮೆಯಾಗಿಲ್ಲ, ಇದನ್ನು ಬರೆಯುವಾಗಲೂ ಕೈ ಎರಡು ಸಲ ಜೇಬಿಗೆ ಹೋಗಿ ಬಂತು. ಎಳೆಯುವುದು ಬಾಲ್ಕನಿಯಲ್ಲಿ ಮಾತ್ರ, ಅಡುಗೆಮನೆಯಿಂದ ಕಾಣುವ ಕಡೆ. ಅನನ್ಯಳಿಗೂ ಹೇಳಿದ್ದೇನೆ. ಆಣೆಯ ವಿ‍ಷಯವನ್ನೂ. ಅವಳು ತಲೆ ಮುಟ್ಟಿ ನೋಡಿಕೊಂಡಳು, ಇನ್ನೂ ಇದೆ ಎಂದಳು. ನಗಿಸಲು ಹೇಳಿದಳೋ ಚುಚ್ಚಲು ಹೇಳಿದಳೋ ಗೊತ್ತಾಗಲಿಲ್ಲ.

ಮನೆಯಲ್ಲಿ ಮೊದಲ ಚಮಚ ಈಗ ಅನನ್ಯಳಿಗೆ. ಬಾಲ್ಕನಿಯ ಗಾಜಿನ ಆಚೆ ನಿಂತು ನೋಡುತ್ತಿರುತ್ತೇನೆ. ಅಳತೆಯ ಚಮಚ ಮೂಲೆ ಸೇರಿದೆ, ಉಪ್ಪು ಮತ್ತೆ ಅಂಗೈಯಲ್ಲಿ. ಆದರೆ ಅಂಗೈಯನ್ನು ಪಾತ್ರೆಯ ಮೇಲೆ ಹಿಡಿದು ಶೈಲಾ ಇನ್ನೂ ಒಂದು ಕ್ಷಣ ತಡೆಯುತ್ತಾಳೆ. ಮೊದಲು ತಡೆಯುತ್ತಿರಲಿಲ್ಲ. ಆ ಒಂದು ಕ್ಷಣ ನಾನು ಮಾಡಿದ್ದು.

ಹಬ್ಬಕ್ಕೆ ಇನ್ನೂ ಸಮಯವಿದೆ. ಹುಳಿಗೆ ಅವಳನ್ನೇ ಕೇಳಿ ಪ್ರಕಾಶ. ಒಪ್ಪುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟಿದ್ದು. ಒಪ್ಪಿದರೆ, ನೈವೇದ್ಯವಾದ ಮೇಲೆ ಬಟ್ಟಲು ಹಿಡಿದು ಅವಳು ನಿಮ್ಮಲ್ಲಿ ಯಾರ ಹತ್ತಿರವಾದರೂ ಬಂದಾಳು. ಬೇಜಾರಾಗಬಾರದು ಅಂತ ಏನೂ ಹೇಳಬೇಡಿ. ಹೇಗಿದೆಯೋ ಹಾಗೇ ಹೇಳಿ.